ಅಜ್ಜನ ಮಾತೂ ಪೂರ್ತಿ ನಿಜವಲ್ಲ, ಮೊಮ್ಮಗನ ಮಾತೂ ಅಲ್ಲ: ಎರಡನೇ ಮಹಾಯುದ್ಧದಲ್ಲಿ ಕೆನಡಾ

ಪ್ರಶ್ನೆ: ನಮಸ್ಕಾರ ಸರ್. ನಾವು ಶಿವಮೊಗ್ಗ ಕಡೆಯವರು. ಈಗ ಟೊರಾಂಟೊ ಪಕ್ಕದ ಮಿಸಿಸಾಗಾದಲ್ಲಿ ಇದ್ದೇವೆ. ಮಗ ಎಂಟನೇ ಗ್ರೇಡ್. ಯುದ್ಧದಲ್ಲಿ ಸತ್ತವರನ್ನು ನೆನೆಯುವ ನವೆಂಬರ್ 11ರ ರಿಮೆಂಬರೆನ್ಸ್ ಡೇಗೆ ‘ಎರಡನೇ ಮಹಾಯುದ್ಧದಲ್ಲಿ ಕೆನಡಾ’ ಅಂತ ಹತ್ತು ನಿಮಿಷ ಮಾತಾಡಬೇಕು. ‘ಕೆನಡಾ ಇಲ್ಲದಿದ್ದರೆ ಹಿಟ್ಲರ್ ಸೋಲುತ್ತಲೇ ಇರಲಿಲ್ಲ, ನಮ್ಮದು ಜಗತ್ತಿನ ಮೂರನೇ ದೊಡ್ಡ ನೌಕಾಪಡೆ ಆಗಿತ್ತು’ ಅಂತ ಬರೆದುಕೊಂಡಿದ್ದಾನೆ. ಊರಿನಿಂದ ಫೋನ್ ಮಾಡಿದಾಗ ನಮ್ಮ ಅಪ್ಪ ಅದನ್ನು ಕೇಳಿ, ‘ಬ್ರಿಟಿಷರು ಕರೆದರು, ಅವರು ಹಿಂದೆ ಹೋದರು, ಅಷ್ಟೇ. ಫ್ರಾನ್ಸ್‌ನ ಡಿಯೆಪ್ ದಾಳಿಯಲ್ಲಿ ಬ್ರಿಟಿಷರೇ ಅವರನ್ನು ಬಲಿ ಕೊಟ್ಟರು. ನಮ್ಮವರು 25 ಲಕ್ಷ ಜನ ಹೋಗಿದ್ದರು, ಅವರ ಬಗ್ಗೆ ಯಾರೂ ಮಾತಾಡಲ್ಲ’ ಅಂದರು. ಹುಡುಗ ಗೊಂದಲದಲ್ಲಿದ್ದಾನೆ. ನನಗೂ ಅಳುಕು. ವಲಸೆ ಬಂದ ಮನೆಯ ಹುಡುಗ ಈ ಯುದ್ಧದ ಬಗ್ಗೆ ಹೆಮ್ಮೆಯಿಂದ ಮಾತಾಡೋದು ಸರಿಯಾ? ಏನು ಹೇಳಿದರೆ ಸುಳ್ಳಾಗಲ್ಲ? ಯಾವ ವಿಷಯ ಆರಿಸಿಕೊಳ್ಳಲಿ?

ಉತ್ತರ: ನಮಸ್ಕಾರ. ನಾನು ಬಹಳ ವರ್ಷ ಸೈನ್ಯದ ಇತಿಹಾಸ ಪಾಠ ಮಾಡಿದವನು. ನಿಮ್ಮ ಮನೆಯಲ್ಲಿ ನಡೆದ ಈ ವಾದ ನನಗೆ ಚೆನ್ನಾಗಿ ಗೊತ್ತು. ಒಂದು ಕಡೆ ‘ನಾವೇ ಗೆಲ್ಲಿಸಿದೆವು’, ಇನ್ನೊಂದು ಕಡೆ ‘ಇವರೇನೂ ಮಾಡಲಿಲ್ಲ’. ನಿಮ್ಮ ನಿಜವಾದ ಚಿಂತೆ ಬೇರೆ ಇದೆ ಅಂತ ಪತ್ರ ಓದಿದಾಗ ಅನಿಸಿತು. ಮಗ ತರಗತಿಯಲ್ಲಿ ಉತ್ಪ್ರೇಕ್ಷೆ ಮಾಡಿ ಸಿಕ್ಕಿಬೀಳಬಾರದು. ಅಜ್ಜನ ಮಾತಿಗೂ ಅವಮಾನ ಆಗಬಾರದು. ಎರಡೂ ಸಾಧ್ಯ. ಇಬ್ಬರ ಮಾತಿನಲ್ಲೂ ಒಂದಷ್ಟು ನಿಜ ಇದೆ.

ಮೊದಲು ಅಜ್ಜನ ಮಾತು, ‘ಬ್ರಿಟಿಷರು ಕರೆದರು, ಹೋದರು’. ಮೊದಲ ಮಹಾಯುದ್ಧಕ್ಕೆ ಇದು ಸರಿ. 1914ರಲ್ಲಿ ಬ್ರಿಟನ್ ಯುದ್ಧ ಸಾರಿದ ಗಳಿಗೆಗೇ ಕೆನಡಾ ಕೂಡ ಯುದ್ಧದಲ್ಲಿತ್ತು. ಯಾರೂ ಕೇಳುವ ಪ್ರಶ್ನೆಯೇ ಇರಲಿಲ್ಲ. 1931ರಲ್ಲಿ ವೆಸ್ಟ್‌ಮಿನ್‌ಸ್ಟರ್ ಶಾಸನ ಬಂತು. ಬ್ರಿಟಿಷ್ ಸಾಮ್ರಾಜ್ಯದೊಳಗೆ ಸ್ವಂತ ಸರ್ಕಾರ ಇದ್ದ ಕೆನಡಾದಂಥ ಡೊಮಿನಿಯನ್‌ಗಳಿಗೆ ತಮ್ಮ ತೀರ್ಮಾನ ತಾವೇ ಮಾಡುವ ಅಧಿಕಾರ ಸಿಕ್ಕಿತು. ಹಾಗಾಗಿ 1939ರ ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಯುದ್ಧ ಸಾರಿದಾಗ ಕೆನಡಾ ಒಂದು ವಾರ ಸುಮ್ಮನಿತ್ತು. ಪ್ರಧಾನಿ ಮೆಕೆಂಜಿ ಕಿಂಗ್ ಸಂಸತ್ತು ಕರೆದರು, ಚರ್ಚೆ ನಡೆಯಿತು. ಸಿಸಿಎಫ್ ಎಂಬ ಎಡಪಂಥೀಯ ಪಕ್ಷದ ನಾಯಕ ವುಡ್ಸ್‌ವರ್ತ್ ಎದ್ದು ನಿಂತು ಯುದ್ಧ ಬೇಡ ಅಂದರು. ಅವರ ಪಕ್ಷದವರೇ ಅವರ ಜೊತೆ ನಿಲ್ಲಲಿಲ್ಲ. ಸೆಪ್ಟೆಂಬರ್ 10ಕ್ಕೆ ಕೆನಡಾ ತಾನಾಗಿ ಯುದ್ಧ ಸಾರಿತು.

ಅದೇ ಸೆಪ್ಟೆಂಬರ್ 3ರಂದು ದೆಹಲಿಯಲ್ಲಿ ಏನಾಯಿತು ಅಂತ ಅಜ್ಜನಿಗೆ ಗೊತ್ತಿರುತ್ತದೆ. ವೈಸರಾಯ್ ಲಿನ್‌ಲಿತ್‌ಗೊ ಭಾರತದ ಒಬ್ಬ ನಾಯಕರನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಅಂತ ಸಾರಿದರು. ಅದನ್ನು ವಿರೋಧಿಸಿ ಕಾಂಗ್ರೆಸ್ ಪ್ರಾಂತೀಯ ಸರ್ಕಾರಗಳು ರಾಜೀನಾಮೆ ಕೊಟ್ಟವು. ಅಜ್ಜನ ಸಿಟ್ಟಿನ ಬೇರು ಇಲ್ಲೇ ಇದೆ ಅನಿಸುತ್ತದೆ. ಆದರೆ ಅವರು ನಮ್ಮ ಅನುಭವವನ್ನು ಕೆನಡಾದ ಮೇಲೆ ಹೊರಿಸುತ್ತಿದ್ದಾರೆ. ಭಾರತಕ್ಕೆ ಇಲ್ಲದ ಆಯ್ಕೆ ಕೆನಡಾಕ್ಕೆ ಇತ್ತು. ಬ್ರಿಟನ್ ಮೇಲಿನ ಅಭಿಮಾನ ಆ ಆಯ್ಕೆಯಲ್ಲಿ ಜಾಸ್ತಿಯೇ ಇತ್ತು, ಅದು ನಿಜ. ಅದೇ ವರ್ಷ ಮೇ, ಜೂನ್ ತಿಂಗಳಲ್ಲಿ ದೊರೆ ಆರನೇ ಜಾರ್ಜ್ ಕೆನಡಾ ಉದ್ದಕ್ಕೂ ರೈಲಿನಲ್ಲಿ ಪ್ರವಾಸ ಮಾಡಿದ್ದರು, ಜನ ಮುಗಿಬಿದ್ದಿದ್ದರು. ಹತ್ತು ವರ್ಷದ ಆರ್ಥಿಕ ಕುಸಿತದಿಂದ ಕೆಲಸ ಇಲ್ಲದೆ ಕೂತಿದ್ದ ಹುಡುಗರಿಗೆ ಸೈನ್ಯ ಅಂದರೆ ಊಟ, ಬೂಟು, ಸಂಬಳ ಕೂಡ ಆಗಿತ್ತು.

ಆದರೆ ದೇಶ ಒಂದೇ ಮನಸ್ಸಿನಿಂದ ಹೋಯಿತು ಅಂತ ಮಗ ಬರೆದರೆ ಅದು ತಪ್ಪು. ಫ್ರೆಂಚ್ ಮಾತಾಡುವ ಕ್ವಿಬೆಕ್‌ನ ಬಹುಪಾಲು ಜನಕ್ಕೆ ಇದು ಬ್ರಿಟನ್ನಿನ ಯುದ್ಧ. ಕಡ್ಡಾಯವಾಗಿ ಯಾರನ್ನೂ ಕಡಲಾಚೆ ಕಳಿಸಲ್ಲ ಅಂತ ಪ್ರಧಾನಿ ಕಿಂಗ್ ಆ ಜನಕ್ಕೆ ಮಾತು ಕೊಟ್ಟಿದ್ದರು. 1942ರ ಏಪ್ರಿಲ್ 27ರಂದು ಆ ಮಾತಿನಿಂದ ಬಿಡುಗಡೆ ಕೊಡಿ ಅಂತ ಜನಮತ ಕೇಳಿದರು. ದೇಶದ ಒಟ್ಟು ಲೆಕ್ಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ ಒಪ್ಪಿದರು. ಕ್ವಿಬೆಕ್‌ನಲ್ಲಿ ಶೇಕಡಾ 70ಕ್ಕಿಂತ ಜಾಸ್ತಿ ಜನ ಬೇಡ ಅಂದರು. 1944ರ ಕೊನೆಗೆ ಕಾಲಾಳುಗಳ ಕೊರತೆ ತೀರಾ ಹೆಚ್ಚಾಯಿತು. ರಕ್ಷಣಾ ಸಚಿವ ರಾಲ್ಸ್‌ಟನ್ ಹೊರಬೀಳಬೇಕಾಯಿತು, ಸರ್ಕಾರ ಉರುಳುವ ಹಂತಕ್ಕೆ ಬಂತು. ಕಡೆಗೆ ಕಡ್ಡಾಯವಾಗಿ ಸೇರಿಸಿಕೊಂಡಿದ್ದವರಲ್ಲಿ 16,000 ಜನರನ್ನು ಹೊರಗೆ ಕಳಿಸಲು ಆದೇಶ ಆಯಿತು. ಅವರಲ್ಲಿ ರಣರಂಗದ ಮುಂಚೂಣಿ ಮುಟ್ಟಿದವರು ಎರಡೂವರೆ ಸಾವಿರದ ಆಸುಪಾಸು. ಅಂದರೆ ಕಡಲಾಚೆ ಹೋರಾಡಿದ ಕೆನಡಾದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಸ್ವಇಚ್ಛೆಯಿಂದ ಹೋದವರು. ಆಗ ಕೆನಡಾ ಜನಸಂಖ್ಯೆ ಸುಮಾರು 1.1 ಕೋಟಿ. ಸಮವಸ್ತ್ರ ಹಾಕಿದವರು 10 ಲಕ್ಷಕ್ಕೂ ಜಾಸ್ತಿ, ಅದರಲ್ಲಿ ಸುಮಾರು 50,000 ಹೆಂಗಸರು. ಸತ್ತವರು 45,000ದಷ್ಟು. ಈ ಅಂಕಿಗಳನ್ನು ಮಗ ಧೈರ್ಯವಾಗಿ ಹೇಳಬಹುದು.

ಇನ್ನು ‘ಮೂರನೇ ದೊಡ್ಡ ನೌಕಾಪಡೆ’. ಈ ಮಾತು ಎಲ್ಲ ಕಡೆ ಸಿಗುತ್ತದೆ. ಪೂರ್ತಿ ಸುಳ್ಳಲ್ಲ, ಆದರೆ ಅದನ್ನು ಕೇಳಿದವರ ಕಣ್ಣ ಮುಂದೆ ಬರುವ ಚಿತ್ರ ತಪ್ಪು. 1939ರಲ್ಲಿ ಕೆನಡಾ ನೌಕಾಪಡೆಯಲ್ಲಿ ಇದ್ದದ್ದು ಆರು ಡಿಸ್ಟ್ರಾಯರ್ ಯುದ್ಧನೌಕೆ, ಎರಡು ಸಾವಿರಕ್ಕಿಂತ ಕಡಿಮೆ ಕಾಯಂ ನಾವಿಕರು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 400 ಹಡಗು, ಲಕ್ಷದ ಹತ್ತಿರ ಜನ. ಬರೀ ಹಡಗು ಎಣಿಸಿದರೆ ಮಿತ್ರರಾಷ್ಟ್ರಗಳಲ್ಲಿ ಮೂರನೆಯದು ಅಂತ ಹೇಳಬಹುದು. ಆದರೆ ಬಹುಪಾಲು ಕಾರ್ವೆಟ್, ಫ್ರಿಗೇಟ್‌ನಂಥ ಚಿಕ್ಕ ಬೆಂಗಾವಲು ಹಡಗುಗಳು. ಬ್ರಿಟನ್, ಅಮೆರಿಕದ ಹತ್ತಿರ ಇದ್ದಂಥ ದೈತ್ಯ ಯುದ್ಧನೌಕೆಗಳು ಇರಲಿಲ್ಲ. ಜರ್ಮನಿ, ಇಟಲಿ, ಫ್ರಾನ್ಸ್, ಜಪಾನ್ ನೌಕಾಪಡೆಗಳು ಅಷ್ಟರಲ್ಲಿ ನೆಲಕಚ್ಚಿದ್ದವು ಅನ್ನೋದೂ ಆ ‘ಮೂರನೇ’ ಸ್ಥಾನಕ್ಕೆ ಒಂದು ಕಾರಣ.

ನನ್ನ ಅಭಿಪ್ರಾಯದಲ್ಲಿ ಆ ಸ್ಥಾನದ ಲೆಕ್ಕಕ್ಕಿಂತ ಆ ಚಿಕ್ಕ ಹಡಗುಗಳು ಮಾಡಿದ ಕೆಲಸ ದೊಡ್ಡದು. ಬ್ರಿಟನ್ ದ್ವೀಪ. ಊಟ, ಎಣ್ಣೆ, ಗುಂಡು, ಟ್ಯಾಂಕ್ ಎಲ್ಲ ಅಟ್ಲಾಂಟಿಕ್ ದಾಟಿಯೇ ಬರಬೇಕು. ಜರ್ಮನ್ ಸಬ್‌ಮರೀನ್‌ಗಳು ದಾರಿಯಲ್ಲೇ ಸರಕು ಹಡಗುಗಳನ್ನು ಮುಳುಗಿಸುತ್ತಿದ್ದವು. ಹಾಗಾಗಿ ಹತ್ತಾರು ಸರಕು ಹಡಗುಗಳನ್ನು ಸಾಲಾಗಿ ಸೇರಿಸಿ, ಸುತ್ತ ಯುದ್ಧನೌಕೆಗಳ ಕಾವಲಿಟ್ಟು ಕಳಿಸುತ್ತಿದ್ದರು. ಹ್ಯಾಲಿಫ್ಯಾಕ್ಸ್, ಸೇಂಟ್ ಜಾನ್ಸ್ ಬಂದರುಗಳಿಂದ ಈ ಕಾವಲಿಗೆ ಹೋದದ್ದು ಕೆನಡಾದ ಕಾರ್ವೆಟ್‌ಗಳು. ಕಾರ್ವೆಟ್ ಅಂದರೆ ಅಲೆ ಬಂದರೆ ಬಿರಡೆಯಂತೆ ಉರುಳಾಡುವ ಹಡಗು. ಒಳಗೆ ಮೈ ಒಣಗುತ್ತಿರಲಿಲ್ಲ. ಚಳಿಗಾಲದಲ್ಲಿ ಡೆಕ್ ಮೇಲೆ ಕಟ್ಟಿದ ಮಂಜುಗಡ್ಡೆಯನ್ನು ಕೊಡಲಿಯಿಂದ ಒಡೆಯದಿದ್ದರೆ ಭಾರಕ್ಕೆ ಹಡಗೇ ಮಗುಚುವ ಭಯ. ಅದರಲ್ಲಿ ಇದ್ದ ಹುಡುಗರಲ್ಲಿ ಎಷ್ಟೋ ಜನ ಸಮುದ್ರವನ್ನೇ ನೋಡದ ಬಯಲುಸೀಮೆಯವರು, ಸಸ್ಕಾಚೆವನ್, ಮ್ಯಾನಿಟೋಬಾ ಕಡೆಯ ಗೋಧಿ ಹೊಲದವರು.

ಶುರುವಿನಲ್ಲಿ ಅವರು ಚೆನ್ನಾಗಿ ಮಾಡಲಿಲ್ಲ. ಇದನ್ನು ಮುಚ್ಚಿಡಬಾರದು. ನೌಕಾಪಡೆ ಬೆಳೆದ ವೇಗಕ್ಕೆ ತರಬೇತಿ ಸಾಲಲಿಲ್ಲ. ಹೊಸ ರೇಡಾರ್ ಬ್ರಿಟಿಷ್ ಹಡಗುಗಳಿಗೆ ಮೊದಲು ಸಿಗುತ್ತಿತ್ತು, ಕೆನಡಾದವಕ್ಕೆ ತಡವಾಗಿ. 1942ರ ಡಿಸೆಂಬರ್‌ನಲ್ಲಿ ಕೆನಡಾದ ಕಾವಲಿದ್ದ ಒಂದೇ ಸಾಲಿನಲ್ಲಿ 14 ಸರಕು ಹಡಗು ಮುಳುಗಿದವು. 1943ರ ಶುರುವಿನಲ್ಲಿ ಕೆನಡಾದ ಬೆಂಗಾವಲು ಗುಂಪುಗಳನ್ನು ನಡುಸಮುದ್ರದಿಂದ ತೆಗೆದು ಮತ್ತೆ ತರಬೇತಿಗೆ ಕಳಿಸಿದರು. ಅಲ್ಲಿಂದ ಅವರು ಕಲಿತು ವಾಪಸ್ ಬಂದರು. 1943ರ ಏಪ್ರಿಲ್ 30ಕ್ಕೆ ವಾಯವ್ಯ ಅಟ್ಲಾಂಟಿಕ್ ಪೂರ್ತಿ ಕೆನಡಾದ ರಿಯರ್ ಅಡ್ಮಿರಲ್ ಲಿಯೊನಾರ್ಡ್ ಮರ್ರಿ ಕೈಗೆ ಬಂತು. ಆ ಯುದ್ಧದಲ್ಲಿ ಮಿತ್ರರಾಷ್ಟ್ರಗಳ ಒಂದು ಇಡೀ ರಣಕ್ಷೇತ್ರದ ಮುಖ್ಯಸ್ಥನಾದ ಕೆನಡಾದವರು ಅವರೊಬ್ಬರೇ. ನೌಕಾಪಡೆಯ ಸುಮಾರು 2,000 ಜನ ಸತ್ತರು. ಅವರ ಜೊತೆ ಸತ್ತ ಸರಕು ಹಡಗಿನ ಕೆಲಸಗಾರರೂ ನೂರುಗಟ್ಟಲೆ. ಆ ಸರಕು ನಾವಿಕರಲ್ಲಿ ಬದುಕುಳಿದವರಿಗೆ ಮಾಜಿ ಸೈನಿಕರಿಗೆ ಸಿಗುವ ಪೂರ್ತಿ ಸೌಲಭ್ಯ ಸಿಗಲು 1990ರ ದಶಕದವರೆಗೆ ಕಾಯಬೇಕಾಯಿತು. ನನಗೆ ಇದು ಇಂದಿಗೂ ಬೇಸರದ ವಿಷಯ.

ಇದೇ ಸಾಲಿಗೆ ಸೇರುವ ಇನ್ನೊಂದು ಕೆಲಸ ಪೈಲಟ್ ತರಬೇತಿ. ಬ್ರಿಟನ್ ಆಕಾಶದಲ್ಲಿ ಜರ್ಮನ್ ವಿಮಾನಗಳು, ಅಲ್ಲಿ ಕಲಿಸುವುದು ಕಷ್ಟ. ಕೆನಡಾದಲ್ಲಿ ಜಾಗಕ್ಕೆ ಬರವಿಲ್ಲ. 1939ರ ಡಿಸೆಂಬರ್ 17ರಂದು ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಪ್ಪಂದ ಮಾಡಿಕೊಂಡವು. ಆ ಯೋಜನೆಯಲ್ಲಿ ಕೆನಡಾದಲ್ಲಿ ಕಲಿತು ಹೊರಬಂದ ಪೈಲಟ್, ನ್ಯಾವಿಗೇಟರ್, ಗನ್ನರ್‌ಗಳು 1,31,553 ಜನ. ವಾಹನಗಳ ಲೆಕ್ಕ ನೋಡಿದರೆ, ಕೆನಡಾ ಕಾರ್ಖಾನೆಗಳು 8 ಲಕ್ಷಕ್ಕೂ ಹೆಚ್ಚು ಸೇನಾ ವಾಹನ ತಯಾರಿಸಿದವು. ಒಷಾವಾ, ವಿಂಡ್ಸರ್ ಊರುಗಳ ಲಾರಿಗಳು ಆಫ್ರಿಕಾ ಮರಳಿನಲ್ಲೂ ಓಡಿದವು, ನಮ್ಮ ಭಾರತೀಯ ಸೈನ್ಯವೂ ಓಡಿಸಿತು.

ಈಗ ಡಿಯೆಪ್. ಇದರ ಬಗ್ಗೆ ಸ್ವಲ್ಪ ಉದ್ದಕ್ಕೆ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಕಟ್ಟುಕತೆ ಸುತ್ತಿಕೊಂಡಿರುವುದು ಇದಕ್ಕೇ.

1942ರ ಆಗಸ್ಟ್ 19, ಬೆಳಗಿನ ಜಾವ. ಫ್ರಾನ್ಸ್ ಕರಾವಳಿಯ ಡಿಯೆಪ್ ಬಂದರಿನ ಮೇಲೆ ಸುಮಾರು 6,000 ಸೈನಿಕರ ದಾಳಿ. ಅದರಲ್ಲಿ 4,963 ಜನ ಕೆನಡಾದವರು. ಕಡಲತೀರದಲ್ಲಿ ಮರಳಿರಲಿಲ್ಲ, ಮುಷ್ಟಿಗಾತ್ರದ ನುಣುಪು ಕಲ್ಲುಗಳು. ಟ್ಯಾಂಕ್‌ಗಳ ಪಟ್ಟಿ ಅದರಲ್ಲಿ ಜಾರಿ ಸಿಕ್ಕಿಹಾಕಿಕೊಂಡಿತು. ಎರಡೂ ಕಡೆ ಎತ್ತರದ ಬಂಡೆಗಳ ಮೇಲೆ ಜರ್ಮನ್ ಮಷೀನ್‌ಗನ್. ದೊಡ್ಡ ಯುದ್ಧನೌಕೆಗಳ ಫಿರಂಗಿ ಬೆಂಬಲ ಇಲ್ಲ, ಮೊದಲೇ ಭಾರೀ ಬಾಂಬ್ ದಾಳಿಯೂ ಇಲ್ಲ. ಪಕ್ಕದ ಪ್ಯೂಯಿ ಎಂಬ ಸಣ್ಣ ತೀರದಲ್ಲಿ ಟೊರಾಂಟೊದ ರಾಯಲ್ ರೆಜಿಮೆಂಟ್ ಇಳಿಯಿತು. ಗೋಡೆಯ ಬುಡದಲ್ಲೇ 200ಕ್ಕೂ ಹೆಚ್ಚು ಜನ ಸತ್ತರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಕೆನಡಾದ 907 ಜನ ಸತ್ತರು, 1,900ಕ್ಕೂ ಹೆಚ್ಚು ಜನ ಸೆರೆಯಾದರು. ಇಂಗ್ಲೆಂಡಿಗೆ ವಾಪಸ್ ಬಂದವರು ಅರ್ಧಕ್ಕಿಂತ ಕಡಿಮೆ. ನಿಮ್ಮ ಪಕ್ಕದೂರು ಹ್ಯಾಮಿಲ್ಟನ್ನಿನ ರೆಜಿಮೆಂಟ್ ಕೂಡ ಅಲ್ಲಿತ್ತು. ಅದರ ಪಾದ್ರಿ ಜಾನ್ ಫುಟ್ ಗಾಯಾಳುಗಳನ್ನು ಹೊತ್ತು ದೋಣಿಗೆ ಹಾಕಿದರು. ತಾನು ಮಾತ್ರ ದೋಣಿ ಹತ್ತಲಿಲ್ಲ. ಸೆರೆ ಹೋಗುವ ತನ್ನ ಹುಡುಗರ ಜೊತೆ ಇರಬೇಕು ಅಂತ ಉಳಿದುಬಿಟ್ಟರು.

ಬ್ರಿಟಿಷರು ಬಲಿ ಕೊಟ್ಟರೇ? ಯೋಜನೆ ಬ್ರಿಟಿಷರದ್ದೇ. ಅದನ್ನು ಮುಂದೆ ನಿಂತು ನಡೆಸಿದವರು ಲಾರ್ಡ್ ಮೌಂಟ್‌ಬ್ಯಾಟನ್. ಹೌದು, ಐದು ವರ್ಷದ ನಂತರ ನಮ್ಮ ಕೊನೆಯ ವೈಸರಾಯ್ ಆದವರೇ. ಜುಲೈನಲ್ಲಿ ರದ್ದಾಗಿದ್ದ ದಾಳಿಯನ್ನು ಆಗಸ್ಟ್‌ನಲ್ಲಿ ಮತ್ತೆ ಎಬ್ಬಿಸಿದವರು ಅವರು. ಅವರ ಮೇಲಿನ ಟೀಕೆ ನ್ಯಾಯವಾದದ್ದೇ ಅನ್ನೋದು ನನ್ನ ಅಭಿಪ್ರಾಯ. ಆದರೆ ಕೆನಡಾದವರನ್ನು ಯಾರೂ ಎಳೆದುಕೊಂಡು ಹೋಗಲಿಲ್ಲ. ಅವರ ಸೈನ್ಯ ಎರಡೂವರೆ ವರ್ಷದಿಂದ ಇಂಗ್ಲೆಂಡಿನಲ್ಲಿ ಕವಾಯತು ಮಾಡುತ್ತ ಕೂತಿತ್ತು. ಜನರಲ್ ಕ್ರೀರಾರ್ ಥರದ ಕೆನಡಾದ ಸೇನಾಧಿಕಾರಿಗಳೇ ನಮ್ಮವರಿಗೆ ಅವಕಾಶ ಕೊಡಿ ಅಂತ ಒತ್ತಾಯ ಮಾಡಿದ್ದರು. ಯೋಜನೆ ನೋಡಿ ಒಪ್ಪಿದ್ದೂ ಅವರೇ. ತಪ್ಪು ಎರಡೂ ಕಡೆಯದು.

ಇದಕ್ಕೆ ಎದುರಾದ ಇನ್ನೊಂದು ಕತೆ, ‘ಡಿಯೆಪ್‌ನಲ್ಲಿ ಕಲಿತ ಪಾಠದಿಂದಲೇ ಡಿ-ಡೇ ಗೆದ್ದೆವು’, ಅಂದರೆ 1944ರಲ್ಲಿ ಫ್ರಾನ್ಸ್‌ನ ನಾರ್ಮಂಡಿ ತೀರಕ್ಕೆ ಮಿತ್ರಪಡೆಗಳು ಇಳಿದ ದಾಳಿಯನ್ನು. ಸೋತ ಸೇನಾಧಿಕಾರಿಗಳೇ ಈ ಮಾತನ್ನು ಜಾಸ್ತಿ ಹೇಳಿದರು. ಕೋಟೆ ಕಟ್ಟಿದ ಬಂದರಿನ ಮೇಲೆ ನೇರವಾಗಿ ನುಗ್ಗಬಾರದು, ಫಿರಂಗಿ ಬೆಂಬಲ ಇಲ್ಲದೆ ಇಳಿಯಬಾರದು. ಇದನ್ನು ಕಲಿಯಲು 907 ಜನ ಸಾಯಬೇಕಿರಲಿಲ್ಲ. ಮಗ ಈ ವಾಕ್ಯ ಬರೆದಿದ್ದರೆ ತೆಗೆಸಿ.

ಅಜ್ಜ ಹೇಳಿದ ‘ಬಲಿ’ ಅನ್ನೋ ಮಾತು ಡಿಯೆಪ್‌ಗಿಂತ ಹಾಂಗ್‌ಕಾಂಗ್‌ಗೆ ಹೆಚ್ಚು ಹತ್ತಿರ. ಜಪಾನ್ ಯುದ್ಧಕ್ಕೆ ಇಳಿದರೆ ಹಾಂಗ್‌ಕಾಂಗ್ ಉಳಿಸಿಕೊಳ್ಳುವ ಅವಕಾಶವೇ ಇಲ್ಲ ಅಂತ 1941ರ ಜನವರಿಯಲ್ಲಿ ಚರ್ಚಿಲ್ ತಾವೇ ಬರೆದಿದ್ದರು. ಅದೇ ವರ್ಷ ಶರತ್ಕಾಲದಲ್ಲಿ ಬ್ರಿಟನ್ ಸೈನ್ಯ ಕೇಳಿತು, ಕೆನಡಾ ಒಪ್ಪಿತು. ಎರಡು ಬೆಟಾಲಿಯನ್, 1,975 ಜನ. ಅವರ ವಾಹನಗಳು ಬೇರೆ ಹಡಗಿನಲ್ಲಿ ಹೊರಟು ಹಾಂಗ್‌ಕಾಂಗ್ ತಲುಪಲೇ ಇಲ್ಲ. ನವೆಂಬರ್ 16ಕ್ಕೆ ಇಳಿದರು. ಡಿಸೆಂಬರ್ 8ಕ್ಕೆ ಜಪಾನ್ ದಾಳಿ. ಕ್ರಿಸ್‌ಮಸ್ ದಿನ ಶರಣಾಗತಿ. 290 ಜನ ಹೋರಾಟದಲ್ಲಿ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನ ಆಮೇಲೆ ಜಪಾನೀಯರ ಸೆರೆಯಲ್ಲಿ ಹಸಿವು, ಕಾಯಿಲೆ, ಹೊಡೆತಕ್ಕೆ ಸತ್ತರು. ಅವರ ಪಕ್ಕದಲ್ಲಿ ಹೋರಾಡಿದ್ದು ರಜಪೂತ್ ಮತ್ತು ಪಂಜಾಬ್ ರೆಜಿಮೆಂಟ್‌ಗಳ ಭಾರತೀಯ ಬೆಟಾಲಿಯನ್‌ಗಳು. ಹಾಂಗ್‌ಕಾಂಗ್‌ನ ಸಾಯ್ ವಾನ್ ಸ್ಮಶಾನದಲ್ಲಿ ಇಬ್ಬರ ಹೆಸರೂ ಇವೆ.

ನೆಲದ ಮೇಲಿನ ಉಳಿದ ಯುದ್ಧವನ್ನು ಬೇಗ ಹೇಳುತ್ತೇನೆ. 1943ರ ಜುಲೈನಲ್ಲಿ ಸಿಸಿಲಿ, ಆಮೇಲೆ ಇಟಲಿ. ಆ ಡಿಸೆಂಬರ್‌ನಲ್ಲಿ ಆರ್ಟೋನಾ ಎಂಬ ಸಣ್ಣ ಊರಿನಲ್ಲಿ ಕ್ರಿಸ್‌ಮಸ್ ಕಳೆಯುವವರೆಗೂ ಮನೆಮನೆ ಯುದ್ಧ. ಬೀದಿಗೆ ಇಳಿದರೆ ಗುಂಡು. ಹಾಗಾಗಿ ಒಂದು ಮನೆಯ ಗೋಡೆ ಒಡೆದು ಪಕ್ಕದ ಮನೆಗೆ ನುಗ್ಗುತ್ತ ಹೋದರು. ಇಟಲಿಯಲ್ಲಿ ಸತ್ತ ಕೆನಡಾದವರು 6,000ದ ಹತ್ತಿರ. 1944ರ ಜೂನ್ 6ರ ಡಿ-ಡೇಯಲ್ಲಿ ಐದು ತೀರಗಳಲ್ಲಿ ಜುನೊ ಕೆನಡಾದ್ದು. ಸುಮಾರು 14,000 ಜನ ಇಳಿದರು, ಅಂದು 350ಕ್ಕೂ ಹೆಚ್ಚು ಜನ ಸತ್ತರು. ಇದು ಎಲ್ಲರಿಗೂ ಗೊತ್ತಿರುವ ಕತೆ, ಮಗನ ತರಗತಿಯಲ್ಲಿ ಅರ್ಧ ಜನ ಇದನ್ನೇ ಹೇಳುತ್ತಾರೆ.

ಹೇಳದೆ ಉಳಿಯುವುದು ಸ್ಕೆಲ್ಟ್. ಡಿ-ಡೇ ಆದ ಮೇಲೆ ಮಿತ್ರಪಡೆಗಳು ಫ್ರಾನ್ಸ್ ದಾಟಿ ಓಡಿದವು. ಆದರೆ ಪೆಟ್ರೋಲ್, ಗುಂಡು, ರೊಟ್ಟಿ ಎಲ್ಲ ಇನ್ನೂ ನೂರಾರು ಕಿಲೋಮೀಟರ್ ಹಿಂದಿನ ನಾರ್ಮಂಡಿಯಿಂದ ಲಾರಿಯಲ್ಲಿ ಬರಬೇಕಿತ್ತು. ಸೆಪ್ಟೆಂಬರ್ 4ಕ್ಕೆ ಬೆಲ್ಜಿಯಂನ ಆಂಟ್ವರ್ಪ್ ಬಂದರು ಹೆಚ್ಚುಕಡಿಮೆ ಹಾಳಾಗದೆ ಕೈಗೆ ಸಿಕ್ಕಿತು. ಸಿಕ್ಕಿ ಏನು ಬಂತು? ಸಮುದ್ರದಿಂದ ಬಂದರಿಗೆ ಸ್ಕೆಲ್ಟ್ ನದಿಯ ಅಗಲವಾದ ಮುಖದಲ್ಲಿ ಸುಮಾರು 80 ಕಿಲೋಮೀಟರ್ ಒಳಗೆ ಬರಬೇಕು. ಎರಡೂ ದಡ ಜರ್ಮನರ ಕೈಯಲ್ಲಿ. ಒಂದು ಹಡಗೂ ಬರುವಂತಿಲ್ಲ. ಆಗಲೇ ದಡ ತೆರವು ಮಾಡಬಹುದಿತ್ತು. ಬ್ರಿಟಿಷ್ ಸೇನಾಪತಿ ಮಾಂಟ್ಗೊಮರಿ ಗಮನ ನೆದರ್‌ಲ್ಯಾಂಡ್ಸ್‌ನ ಆರ್ನೆಮ್ ಸೇತುವೆ ಕಡೆ ಹೋಯಿತು. ಜರ್ಮನರಿಗೆ ಗಟ್ಟಿಯಾಗಿ ಕೂರಲು ವಾರಗಟ್ಟಲೆ ಸಮಯ ಸಿಕ್ಕಿತು. ಆ ಕೆಲಸ ಅಕ್ಟೋಬರ್‌ನಲ್ಲಿ ಬಿದ್ದದ್ದು ಕೆನಡಾ ಸೈನ್ಯದ ಮೇಲೆ.

ಅದು ಸಮುದ್ರಮಟ್ಟಕ್ಕಿಂತ ತಗ್ಗಿನ ನೆಲ. ಕಟ್ಟೆ ಹಾಕಿ ನೀರು ಹೊರಗಿಟ್ಟ ಹೊಲಗಳು. ಜರ್ಮನರು ಎಷ್ಟೋ ಕಡೆ ನೀರು ಬಿಟ್ಟಿದ್ದರು. ನಡೆಯಲು ಇದ್ದದ್ದು ಕಟ್ಟೆಗಳ ಏರಿ ಮಾತ್ರ, ಅದರ ಮೇಲೆ ಎದ್ದು ನಿಂತವನು ಎಲ್ಲರಿಗೂ ಕಾಣುತ್ತಿದ್ದ. ಹೊಂಡ ತೋಡಿದರೆ ನೀರು ಬರುತ್ತಿತ್ತು. ನದಿಮುಖದಲ್ಲಿದ್ದ ವಾಲ್ಖೆರೆನ್ ದ್ವೀಪದ ಕಟ್ಟೆಯನ್ನು ಬ್ರಿಟಿಷ್ ವಿಮಾನಗಳು ಬಾಂಬ್ ಹಾಕಿ ಒಡೆದವು. ಜರ್ಮನರನ್ನು ಮುಳುಗಿಸಲು ಮಾಡಿದ ಆ ಕೆಲಸದಲ್ಲಿ ಡಚ್ ಹಳ್ಳಿಯ ಜನರೂ ಸತ್ತರು, ಅವರ ಹೊಲಗಳಿಗೆ ಉಪ್ಪುನೀರು ನುಗ್ಗಿತು. ದ್ವೀಪಕ್ಕೆ ಹೋಗುವ ಒಂದೇ ಒಂದು ನೇರ ಏರಿ, ಒಂದು ಕಿಲೋಮೀಟರಿಗೂ ಉದ್ದ, ಎಲ್ಲೂ ಮರೆ ಇಲ್ಲ. ಅದರ ಮೇಲೆ ಒಂದಾದ ಮೇಲೊಂದು ಬೆಟಾಲಿಯನ್ ಹೋಯಿತು. ನವೆಂಬರ್ 8ಕ್ಕೆ ಮುಗಿಯಿತು. ಸತ್ತ, ಗಾಯಗೊಂಡ, ಕಾಣೆಯಾದ ಕೆನಡಾದವರು 6,367. ಅದೇ ಸೈನ್ಯದ ಕೆಳಗಿದ್ದ ಬ್ರಿಟಿಷ್, ಪೋಲಿಷ್ ಮುಂತಾದವರನ್ನು ಸೇರಿಸಿದರೆ ಇದರ ಎರಡರಷ್ಟು. ಆಮೇಲೆ ನದಿಯಲ್ಲಿದ್ದ ಮೈನ್‌ಗಳನ್ನು ತೆಗೆದು, ನವೆಂಬರ್ 28ಕ್ಕೆ ಮೊದಲ ಸರಕು ಸಾಲು ಆಂಟ್ವರ್ಪ್ ಸೇರಿತು. ಜರ್ಮನಿಯೊಳಗೆ ಹೋಗುವ ಸೈನ್ಯಕ್ಕೆ ಊಟ ಬಂದದ್ದು ಆ ಬಾಗಿಲಿನಿಂದ.

ಅಟ್ಲಾಂಟಿಕ್‌ನಲ್ಲೂ ಸ್ಕೆಲ್ಟ್‌ನಲ್ಲೂ ಕೆನಡಾದವರು ಮಾಡಿದ್ದು ಒಂದೇ, ದಾರಿ ತೆರೆದಿಡುವ ಕೆಲಸ. ಅದಿಲ್ಲದೆ ಯಾವ ದೊಡ್ಡ ಸೈನ್ಯವೂ ಮುಂದೆ ಹೋಗುತ್ತಿರಲಿಲ್ಲ. ಹಾಗಂತ ‘ಕೆನಡಾ ಇಲ್ಲದಿದ್ದರೆ ಹಿಟ್ಲರ್ ಸೋಲುತ್ತಿರಲಿಲ್ಲ’ ಅನ್ನೋ ವಾಕ್ಯ ನಿಲ್ಲಲ್ಲ. ಜರ್ಮನ್ ಸೈನ್ಯದ ಬೆನ್ನು ಮುರಿದದ್ದು ಸೋವಿಯತ್ ರಣರಂಗದಲ್ಲಿ, ಅಲ್ಲಿ ಸತ್ತವರ ಲೆಕ್ಕ ಕೋಟಿಗಳಲ್ಲಿ ಇದೆ. ಮಗ ಆ ವಾಕ್ಯ ತೆಗೆದು, ‘ಕೆನಡಾ ಇಲ್ಲದಿದ್ದರೆ ಬ್ರಿಟನ್ ತನಕ ಸರಕು ಸಾಗಿಸುವುದು ಇನ್ನೂ ಕಷ್ಟವಾಗುತ್ತಿತ್ತು’ ಅಂತ ಬರೆಯಲಿ. ಅದನ್ನು ಯಾರೂ ಅಲ್ಲಗಳೆಯಲಾರರು.

ಹೆಮ್ಮೆ ಪಡಬಹುದಾ ಅಂತ ಕೇಳಿದಿರಿ. ಪಡಬಹುದು. ಆದರೆ ಇದರ ಕಹಿ ಭಾಗ ನಿಮ್ಮಂಥ ಮನೆಗೆ ಗೊತ್ತಿರಬೇಕು. 1942ರಲ್ಲಿ ಪಶ್ಚಿಮ ಕರಾವಳಿಯ ಸುಮಾರು 22,000 ಜಪಾನ್ ಮೂಲದ ಜನರನ್ನು ಕೆನಡಾ ಸರ್ಕಾರ ಮನೆಯಿಂದ ಎಬ್ಬಿಸಿ ಒಳನಾಡಿಗೆ ಕಳಿಸಿತು. ಬಹುಪಾಲು ಜನ ಕೆನಡಾದ ಪ್ರಜೆಗಳೇ. ಅವರ ದೋಣಿ, ಮನೆ, ಜಮೀನು ಮಾರಿಬಿಟ್ಟಿತು. ಕರಾವಳಿಗೆ ವಾಪಸ್ ಬರಲು 1949ರವರೆಗೆ ಬಿಡಲಿಲ್ಲ. 1988ರಲ್ಲಿ ಕ್ಷಮೆ ಕೇಳಿತು. ಮೂಲನಿವಾಸಿ ಜನರಲ್ಲಿ ಸಾವಿರಾರು ಮಂದಿ ಸೈನ್ಯ ಸೇರಿದರು. ಅವರ ಸಮುದಾಯಗಳಿಗೆ ತಮ್ಮ ಹಕ್ಕು ಬಿಟ್ಟುಕೊಡದೆ ಮತ ಹಾಕುವ ಅಧಿಕಾರ 1960ರವರೆಗೆ ಬರಲಿಲ್ಲ. ಬ್ರಿಟಿಷ್ ಕೊಲಂಬಿಯಾದಲ್ಲಿ ಆಗಲೇ ನೆಲೆಸಿದ್ದ ಭಾರತೀಯರಿಗೆ ಮತದ ಹಕ್ಕು ಸಿಕ್ಕಿದ್ದು 1947ರಲ್ಲಿ, ಯುದ್ಧ ಮುಗಿದ ಮೇಲೆ. ಬಾಂಬರ್ ವಿಮಾನಗಳ ವಿಷಯವೂ ಹಾಗೆಯೇ. ಸುಮಾರು 10,000 ಕೆನಡಾದ ಹುಡುಗರು ಆ ವಿಮಾನಗಳಲ್ಲಿ ಸತ್ತರು. ಅವರು ಹಾಕಿದ ಬಾಂಬಿಗೆ ಹ್ಯಾಂಬರ್ಗ್‌ನಂಥ ಊರುಗಳಲ್ಲಿ ಹತ್ತಾರು ಸಾವಿರ ಸಾಮಾನ್ಯ ಜನ ಸತ್ತರು. ಇವೆರಡನ್ನೂ ಒಟ್ಟಿಗೆ ಹೇಳುವ ಪ್ರಾಮಾಣಿಕತೆ ಇದ್ದರೆ ಹೆಮ್ಮೆಗೆ ಅಡ್ಡಿಯಿಲ್ಲ.

ವಿಷಯದ ಆಯ್ಕೆಗೆ ಬರೋಣ. ಜುನೊ ಸುಲಭ. ಚಿತ್ರ, ವಿಡಿಯೊ ಬೇಕಾದಷ್ಟು ಸಿಗುತ್ತದೆ. ಅಪಾಯ ಏನೆಂದರೆ, ಎಲ್ಲರದ್ದೂ ಅದೇ ಆಗಿರುತ್ತದೆ. ಡಿಯೆಪ್ ಕುತೂಹಲದ ವಿಷಯ, ಆದರೆ ಯಾರ ತಪ್ಪು ಅನ್ನೋ ವಾದದಲ್ಲಿ ಹತ್ತು ನಿಮಿಷ ಹೋಗಿಬಿಡುತ್ತದೆ, ಹದಿಮೂರು ವರ್ಷದ ಹುಡುಗನಿಗೆ ಅದನ್ನು ತೂಗಿ ಹೇಳೋದು ಕಷ್ಟ. ಹಾಂಗ್‌ಕಾಂಗ್‌ನಲ್ಲಿ ಭಾರತೀಯರೂ ಬರುತ್ತಾರೆ. ಆದರೆ ಸೆರೆಶಿಬಿರದ ವಿವರ ಭೀಕರ. ತರಗತಿಯಲ್ಲಿ ಜಪಾನ್ ಮೂಲದ ಮಕ್ಕಳಿದ್ದರೆ ಮಾತು ಜಪಾನ್ ಸೈನ್ಯದ ಮೇಲಿರಬೇಕು, ಜಪಾನ್ ಜನರ ಮೇಲಲ್ಲ. ಅದಕ್ಕೆ ಟೀಚರ್ ಜೊತೆ ಮೊದಲೇ ಮಾತಾಡಿ. ಸ್ಕೆಲ್ಟ್‌ಗೆ ಒಂದು ನಕ್ಷೆ ಬೇಕೇ ಬೇಕು, ಇಲ್ಲದಿದ್ದರೆ ಯಾರಿಗೂ ಅರ್ಥ ಆಗಲ್ಲ. ನಕ್ಷೆ ಬಿಡಿಸುವ ಆಸೆ ಅವನಿಗಿದ್ದರೆ ನಾನು ಇದನ್ನೇ ಆರಿಸಿ ಅನ್ನುತ್ತೇನೆ.

ಮಿಸಿಸಾಗಾದಲ್ಲಿ ಇರುವವರಿಗೆ ಇನ್ನೊಂದು ದಾರಿ ಇದೆ, ನನಗೆ ಬಹಳ ಇಷ್ಟವಾದದ್ದು. ನೀವು ಊರಿಗೆ ಹೋಗಲು ವಿಮಾನ ಹತ್ತುವ ಪಿಯರ್ಸನ್ ನಿಲ್ದಾಣದ ಜಾಗ ಆಗ ಮಾಲ್ಟನ್. ಅಲ್ಲಿನ ವಿಕ್ಟರಿ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ 430 ಲ್ಯಾಂಕಾಸ್ಟರ್ ಬಾಂಬರ್ ತಯಾರಾದವು. ಪೈಲಟ್ ತರಬೇತಿಯ ಒಂದು ಶಾಲೆಯೂ ಅಲ್ಲೇ ಇತ್ತು. ಲೇಕ್‌ವ್ಯೂ ಕಡೆ ಲೇಕ್‌ಶೋರ್ ರಸ್ತೆಯಲ್ಲಿ ಸ್ಮಾಲ್ ಆರ್ಮ್ಸ್ ಕಾರ್ಖಾನೆ ಇತ್ತು. ಲೀ-ಎನ್‌ಫೀಲ್ಡ್ ರೈಫಲ್‌ಗಳನ್ನು ಮಾಡಿದ್ದು ಬಹುಪಾಲು ಹೆಂಗಸರು. ಅದರ ತಪಾಸಣಾ ಕಟ್ಟಡ ಇನ್ನೂ ಇದೆ, ಈಗ ಕಲಾಕೇಂದ್ರ. ಶನಿವಾರ ಕರೆದುಕೊಂಡು ಹೋಗಿ ಬನ್ನಿ. ಇದರ ಅಪಾಯ ಒಂದೇ, ಬರೀ ಕಾರ್ಖಾನೆ ಲೆಕ್ಕವಾಗಿಬಿಡಬಹುದು. ಅದಕ್ಕೆ ಆ ಬಾಂಬರ್ ಎಲ್ಲಿ ಹೋಯಿತು, ಏನು ಮಾಡಿತು ಅಂತಲೂ ಹೇಳಲಿ.

ಯಾವುದನ್ನೇ ಆರಿಸಿದರೂ ಒಬ್ಬ ಮನುಷ್ಯನನ್ನು ಹಿಡಿಯಲಿ. ನಿಮ್ಮ ಹತ್ತಿರದ ಸ್ಮಾರಕದ ಮೇಲಿರುವ ಒಂದು ಹೆಸರು ಬರೆದುಕೊಂಡು ಬಂದು, ಕೆನಡಾ ಸರ್ಕಾರದ ‘ಕೆನೇಡಿಯನ್ ವರ್ಚುವಲ್ ವಾರ್ ಮೆಮೋರಿಯಲ್’ ತಾಣದಲ್ಲಿ ಹುಡುಕಿ. ಯುದ್ಧದಲ್ಲಿ ಸತ್ತವರ ಸೇವಾ ಕಡತಗಳು ಲೈಬ್ರರಿ ಆ್ಯಂಡ್ ಆರ್ಕೈವ್ಸ್ ಕೆನಡಾದಲ್ಲಿ ಎಲ್ಲರಿಗೂ ತೆರೆದಿವೆ. ಬದುಕಿ ಬಂದವರ ಕಡತಗಳಿಗೆ ನಿರ್ಬಂಧ ಇದೆ. ಮಗ ಓದುವ ಮೊದಲು ನೀವು ಒಮ್ಮೆ ಓದಿ. ಕಾಯಿಲೆ, ಗಾಯ, ಶಿಸ್ತುಕ್ರಮ, ತಾಯಿಗೆ ಬಂದ ಸಾವಿನ ಪತ್ರ, ಎಲ್ಲ ಅದರಲ್ಲಿರುತ್ತದೆ.

ಅಜ್ಜನ ಕೊನೆಯ ಮಾತು ಉಳಿದಿದೆ, ‘ನಮ್ಮವರು 25 ಲಕ್ಷ’. ಆ ಅಂಕಿ ಸರಿ. ಅವರ ಬಗ್ಗೆ ಕಡಿಮೆ ಮಾತಾಡುತ್ತಾರೆ ಅನ್ನೋದೂ ಸರಿ. ಇದನ್ನು ಯಾರು ಜಾಸ್ತಿ ಸತ್ತರು ಅನ್ನೋ ಪೈಪೋಟಿ ಮಾಡಬೇಡಿ, ಮಗನ ಮಾತಿನೊಳಗೇ ಸೇರಿಸಿ. ಆರ್ಟೋನಾದಲ್ಲಿ ಕೆನಡಾದವರು ಗೋಡೆ ಒಡೆಯುತ್ತಿದ್ದಾಗ ಅವರ ಎಡಕ್ಕೆ ವಿಲ್ಲಾ ಗ್ರಾಂಡೆ ಎಂಬ ಹಳ್ಳಿಗಾಗಿ ಹೋರಾಡುತ್ತಿದ್ದದ್ದು ಭಾರತದ 8ನೇ ಡಿವಿಷನ್. 1944ರ ಮೇನಲ್ಲಿ ಅದೇ ಡಿವಿಷನ್ ಇಟಲಿಯ ಗಾರಿ ನದಿ ದಾಟುವಾಗ ಜೊತೆಗಿದ್ದ ಟ್ಯಾಂಕ್‌ಗಳು ಕೆನಡಾದವು. ಕ್ಯಾಲ್ಗರಿ ರೆಜಿಮೆಂಟ್ ಜೊತೆಗಿದ್ದ ಕ್ಯಾಪ್ಟನ್ ಟೋನಿ ಕಿಂಗ್ಸ್‌ಮಿಲ್ ಎಂಬ ಎಂಜಿನಿಯರ್ ತುಂಡುಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯೊಂದನ್ನು ಇಡಿಯಾಗಿ ಟ್ಯಾಂಕಿನ ಮೇಲೆ ಹೊರಿಸಿ, ಗುಂಡಿನ ನಡುವೆ ನದಿಗೆ ಇಳಿಸಿದರು. ಟ್ಯಾಂಕ್‌ಗಳು ಅದರ ಮೇಲೆ ದಾಟಿ ಆಚೆ ದಡದ ಭಾರತೀಯ ಕಾಲಾಳುಗಳನ್ನು ಸೇರಿಕೊಂಡವು. ಅದಕ್ಕೂ ಮೊದಲು, 1942ರ ಏಪ್ರಿಲ್ 4ರಂದು, ಸಿಲೋನ್ ಕಡೆ ಬರುತ್ತಿದ್ದ ಜಪಾನ್ ನೌಕಾಪಡೆಯನ್ನು ಮೊದಲು ಕಂಡು ಸುದ್ದಿ ಕಳಿಸಿದ್ದು ಕೆನಡಾದ ಪೈಲಟ್ ಲಿಯೊನಾರ್ಡ್ ಬರ್ಚಲ್. ಅವರ ವಿಮಾನವನ್ನು ಹೊಡೆದುರುಳಿಸಿ ಸೆರೆ ಹಿಡಿದರು. ಎರಡು ದಿನದ ಮೇಲೆ ಜಪಾನ್ ವಿಮಾನಗಳು ನಮ್ಮ ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದವು. ಆ ದಿನಗಳ ಭಯದ ಬಗ್ಗೆ ಮನೆಯ ಹಿರಿಯರಿಂದ ಅಜ್ಜ ಏನಾದರೂ ಕೇಳಿದ್ದರೆ ಅದನ್ನು ಮಗ ಕೇಳಿ ಬರೆದುಕೊಳ್ಳಲಿ. ಹತ್ತು ನಿಮಿಷದಲ್ಲಿ ಎರಡು ನಿಮಿಷ ಅದಕ್ಕಿಟ್ಟರೂ ಟೀಚರ್ ಬೇಡ ಅನ್ನಲ್ಲ.